ಪರದೆಯ ಮೇಲೆ ಚಿತ್ರ ಸೀಳುವುದೇಕೆ?

ಕಂಪ್ಯೂಟರಿನಲ್ಲಿ ಸಿನಿಮಾ ನೋಡುವಾಗ ಕ್ಯಾಮೆರಾ ಎಡದಿಂದ ಬಲಕ್ಕೆ ವೇಗವಾಗಿ ಹೊರಳಿದರೆ, ನೆಟ್ಟಗೆ ನಿಂತ ಕಂಬವೊಂದು ನಡುವಿನಲ್ಲಿ ಕತ್ತರಿಸಿದಂತೆ ಕಾಣುವುದುಂಟು. ಮೇಲಿನ ತುಂಡು ಒಂದೆಡೆ, ಕೆಳಗಿನ ತುಂಡು ಅದರಿಂದ ಕೊಂಚ ಸರಿದು ಇನ್ನೊಂದೆಡೆ. ಕನ್ನಡದ ಪುಟವೊಂದನ್ನು ವೇಗವಾಗಿ ಮೇಲಕ್ಕೆ ಸರಿಸುವಾಗ ಯಾವುದೋ ಸಾಲಿನ ಅಕ್ಷರಗಳು ಉಳಿದು, ಅವುಗಳ ಒತ್ತುಗಳು ಮಾತ್ರ ಕ್ಷಣಕಾಲ ಮಾಯವಾಗುವುದೂ ಇದೇ ದೋಷದಿಂದ. ತಂತ್ರಜ್ಞರು ಇದನ್ನು ‘ಟೇರಿಂಗ್’, ಅಂದರೆ ಚಿತ್ರ ಸೀಳುವಿಕೆ ಎಂದು ಕರೆಯುತ್ತಾರೆ.

ಇಂತಹ ಸೀಳು ಕಂಡೊಡನೆ ‘ಯಂತ್ರ ಹಳೆಯದಾಯಿತು, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು’ ಎಂದು ತೀರ್ಮಾನಿಸುವವರೇ ಹೆಚ್ಚು. ಸಾವಿರಾರು ರೂಪಾಯಿ ತೆತ್ತು ತಂದ ಕಾರ್ಡಿನಲ್ಲೂ ಸೀಳು ಹಾಗೆಯೇ ಉಳಿದಾಗ ಅವರಿಗೆ ಆಶ್ಚರ್ಯವಾಗುತ್ತದೆ. ಚಿತ್ರ ಸೀಳುವುದಕ್ಕೂ ಯಂತ್ರದ ಬಲಕ್ಕೂ ಸಂಬಂಧ ಕಡಿಮೆ. ಚಿತ್ರ ಬರೆಯುವವರು ಮತ್ತು ಅದನ್ನು ತೋರಿಸುವವರ ನಡುವೆ ಸಮಯದ ಹೊಂದಾಣಿಕೆ ತಪ್ಪಿದಾಗ ಹುಟ್ಟುವ ದೋಷವಿದು. ಇಬ್ಬರಲ್ಲಿ ಒಬ್ಬರು ಇನ್ನೊಬ್ಬರಿಗಾಗಿ ಕಾಯದೆ ಈ ದೋಷ ನೀಗುವುದಿಲ್ಲ. ಆದರೆ ಕಾಯಬೇಕಾದವರು ಯಾರು? ಡೆಸ್ಕ್‌ಟಾಪ್ ಕಂಪ್ಯೂಟರುಗಳ ಜಗತ್ತು ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹಲವು ದಶಕಗಳನ್ನೇ ಕಳೆದಿದೆ.

ಪರದೆ ಚಿತ್ರವನ್ನು ಓದುವ ಬಗೆ

ಕಂಪ್ಯೂಟರಿನ ಪರದೆಯ ಮೇಲೆ ಚಿತ್ರವು ಮುದ್ರೆಯೊತ್ತಿದಂತೆ ಒಮ್ಮೆಗೇ ಮೂಡುವುದಿಲ್ಲ. ಪುಸ್ತಕ ಓದುವವರ ಕಣ್ಣಿನಂತೆ ಮೇಲಿನ ಎಡತುದಿಯಿಂದ ಆರಂಭಿಸಿ, ಸಾಲಿನ ಮೇಲೆ ಸಾಲಾಗಿ ಕೆಳಗಿನ ಬಲತುದಿಯವರೆಗೆ ಅದು ಪರದೆಗೆ ಸಾಗುತ್ತದೆ. ಹಿಂದಿನ ಗಾಜಿನ ಕೊಳವೆಯ ಮಾನಿಟರುಗಳಲ್ಲಿ ಎಲೆಕ್ಟ್ರಾನ್ ಕಿರಣವು ಈ ಕ್ರಮದಲ್ಲಿ ಓಡುತ್ತಿತ್ತು. ಇಂದಿನ ಚಪ್ಪಟೆ ಪರದೆಗಳಲ್ಲಿ ಕಿರಣವಿಲ್ಲ, ಆದರೆ ಕೇಬಲ್ಲಿನ ಮೂಲಕ ಚಿತ್ರ ಸಾಗುವ ಕ್ರಮ ಅದೇ ಆಗಿ ಉಳಿದಿದೆ.

ಸಾಮಾನ್ಯ ಮಾನಿಟರ್ ಒಂದು ಸೆಕೆಂಡಿಗೆ 60 ಬಾರಿ ಈ ಕೆಲಸ ಮಾಡುತ್ತದೆ. ಇದಕ್ಕೆ ರಿಫ್ರೆಶ್ ದರ ಎಂದು ಹೆಸರು, ಅಳತೆ ಹರ್ಟ್ಸ್‌ಗಳಲ್ಲಿ. ಅಂದರೆ ಒಂದು ಸುತ್ತಿಗೆ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು. 1920 ಅಡ್ಡ, 1080 ಉದ್ದ ಬಿಂದುಗಳ ಪರದೆಯಲ್ಲಿ ಕಣ್ಣಿಗೆ ಕಾಣುವುದು 1080 ಸಾಲುಗಳಾದರೂ, ಪ್ರಮಾಣಿತ ಸಂಕೇತದಲ್ಲಿ 1125 ಸಾಲುಗಳಷ್ಟು ಕಾಲ ಇರುತ್ತದೆ. ಉಳಿದ 45 ಸಾಲುಗಳ ಕಾಲದಲ್ಲಿ ಯಾವ ಚಿತ್ರವೂ ಸಾಗುವುದಿಲ್ಲ. ಕಿರಣವು ಕೆಳಗಿನಿಂದ ಮತ್ತೆ ಮೇಲಕ್ಕೆ ಮರಳಲು ಹಿಂದೆ ಬಿಡುತ್ತಿದ್ದ ಬಿಡುವು ಅದು. ಅದರ ಅವಧಿ ಸುಮಾರು 0.67 ಮಿಲಿಸೆಕೆಂಡು. ಈ ಪುಟ್ಟ ಬಿಡುವೇ ಇಡೀ ಕಥೆಯ ಕೇಂದ್ರ.

ಪರದೆಗೆ ಹೋಗಬೇಕಾದ ಚಿತ್ರವು ಮೊದಲು ಕಂಪ್ಯೂಟರಿನ ಮೆಮೊರಿಯ ಒಂದು ಭಾಗದಲ್ಲಿ ಕುಳಿತಿರುತ್ತದೆ. ಇದಕ್ಕೆ ಫ್ರೇಮ್ ಬಫರ್ ಎನ್ನುತ್ತಾರೆ. ಮೇಲೆ ಹೇಳಿದ ಪರದೆಯಲ್ಲಿ ಸುಮಾರು 20.7 ಲಕ್ಷ ಬಿಂದುಗಳಿದ್ದು, ಬಿಂದುವೊಂದಕ್ಕೆ 4 ಬೈಟ್‌ನಂತೆ ಒಂದು ಚಿತ್ರಕ್ಕೆ ಸುಮಾರು 83 ಲಕ್ಷ ಬೈಟ್ ಬೇಕು. ಸೆಕೆಂಡಿಗೆ 60 ಬಾರಿ ಎಂದರೆ ಹತ್ತಿರ ಹತ್ತಿರ 50 ಕೋಟಿ ಬೈಟ್. ಮಾನಿಟರಿಗೆ ಚಿತ್ರ ಕಳಿಸುವ ಭಾಗವು ಈ ಬಫರನ್ನು ಎಡೆಬಿಡದೆ ಓದುತ್ತಿರುತ್ತದೆ. ಅದೇ ವೇಳೆ ತಂತ್ರಾಂಶವೂ ಆ ಬಫರಿನಲ್ಲಿ ಹೊಸ ಚಿತ್ರ ಬರೆಯುತ್ತಿದ್ದರೆ? ಓದು ಅರ್ಧಕ್ಕೆ ಬಂದಾಗ ಬಫರಿನ ಚಿತ್ರ ಬದಲಾದರೆ, ಪರದೆಯ ಮೇಲರ್ಧದಲ್ಲಿ ಹಳೆಯ ಚಿತ್ರ, ಕೆಳಗಿನರ್ಧದಲ್ಲಿ ಹೊಸ ಚಿತ್ರ ಉಳಿಯುತ್ತದೆ. ಎರಡೂ ಕೂಡುವ ಗೆರೆಯೇ ಸೀಳು.

ದೃಶ್ಯವು ಸೆಕೆಂಡಿಗೆ 960 ಬಿಂದುಗಳ ವೇಗದಲ್ಲಿ ಅಡ್ಡಲಾಗಿ ಸರಿಯುತ್ತಿದೆ ಎಂದುಕೊಳ್ಳೋಣ. ಸೆಕೆಂಡಿಗೆ 60 ಚಿತ್ರಗಳಿದ್ದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ 16 ಬಿಂದುಗಳ ಅಂತರ. ಸೀಳಿನ ಗೆರೆಯ ಮೇಲೂ ಕೆಳಗೂ ಕಂಬವು ಅಷ್ಟೇ ದೂರ ಪಲ್ಲಟವಾಗಿ ಕಾಣುತ್ತದೆ. ನಿಂತ ಚಿತ್ರದಲ್ಲಿ ಸೀಳು ಕಾಣದಿರಲು, ಅಡ್ಡ ಚಲನೆಯಲ್ಲಿ ಎದ್ದು ಕಾಣಲು ಇದೇ ಕಾರಣ.

ದುಬಾರಿ ಕಾರ್ಡ್ ಈ ದೋಷಕ್ಕೆ ಮದ್ದಾಗದಿರುವುದೂ ಇದರಿಂದ ಸ್ಪಷ್ಟವಾಗುತ್ತದೆ. ಸೆಕೆಂಡಿಗೆ 180 ಚಿತ್ರ ಬರೆಯಬಲ್ಲ ಕಾರ್ಡ್, 60 ಹರ್ಟ್ಸ್ ಪರದೆಯ ಒಂದೊಂದು ಸುತ್ತಿನಲ್ಲೂ ಸರಾಸರಿ ಮೂರು ಬಾರಿ ಬಫರನ್ನು ಬದಲಿಸುತ್ತದೆ. ಪ್ರತಿ ಸೀಳಿನ ಪಲ್ಲಟ ಕಿರಿದಾದೀತು, ಸೀಳುಗಳ ಸಂಖ್ಯೆ ಹೆಚ್ಚುತ್ತದೆ.

ತೆರೆಯ ಹಿಂದಿನ ಸಿದ್ಧತೆ

ವೃತ್ತಿ ನಾಟಕ ಕಂಪನಿಗಳ ರಂಗಮಂದಿರವನ್ನು ಬಲ್ಲವರಿಗೆ ಇದರ ಪರಿಹಾರ ಹೊಸದೆನಿಸದು. ಮುಂದಿನ ಪರದೆಯ ಎದುರು ಬೀದಿಯ ದೃಶ್ಯವೋ ಹಾಸ್ಯ ಪ್ರಸಂಗವೋ ನಡೆಯುತ್ತಿರುವಾಗ ಅದರ ಹಿಂದೆ ದರ್ಬಾರಿನ ಸಜ್ಜಿಕೆ ಸಿದ್ಧವಾಗುತ್ತಿರುತ್ತದೆ. ಸಿಂಹಾಸನ, ಕಂಬಗಳು, ದೀಪಗಳು ತಂತಮ್ಮ ಜಾಗ ಸೇರಿದ ಮೇಲಷ್ಟೇ ಪರದೆ ಏಳುತ್ತದೆ. ಸಿಂಹಾಸನ ಹೊತ್ತು ತರುವವರನ್ನು ಪ್ರೇಕ್ಷಕರು ಎಂದೂ ಕಾಣುವುದಿಲ್ಲ.

ಕಂಪ್ಯೂಟರಿನಲ್ಲಿಯೂ ಹೀಗೆಯೇ ಒಂದರ ಬದಲು ಎರಡು ಬಫರುಗಳನ್ನು ಇಡಲಾಗುತ್ತದೆ. ಮುಂದಿನ ಬಫರನ್ನು ಪರದೆ ಓದುತ್ತಿರುವಾಗ ತಂತ್ರಾಂಶವು ಹಿಂದಿನ ಬಫರಿನಲ್ಲಿ ಹೊಸ ಚಿತ್ರ ಬರೆಯುತ್ತದೆ. ಬರೆದು ಮುಗಿದ ಮೇಲೆ ಎರಡರ ಪಾತ್ರಗಳೂ ಅದಲುಬದಲಾಗುತ್ತವೆ. ಇದಕ್ಕೆ ಡಬಲ್ ಬಫರಿಂಗ್ ಎಂದು ಹೆಸರು. ಅದಲುಬದಲು ಮಾಡಲು 83 ಲಕ್ಷ ಬೈಟ್‌ಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬೇಕಾಗಿಲ್ಲ. 0.67 ಮಿಲಿಸೆಕೆಂಡಿನ ಬಿಡುವಿನಲ್ಲಿ ಅಷ್ಟನ್ನೂ ನಕಲು ಮಾಡಲು ಸೆಕೆಂಡಿಗೆ 1,200 ಕೋಟಿ ಬೈಟ್‌ಗೂ ಮಿಕ್ಕಿದ ವೇಗ ಬೇಕಾದೀತು. ಅದರ ಬದಲು ‘ಇನ್ನು ಮೇಲೆ ಈ ವಿಳಾಸದಿಂದ ಓದು’ ಎಂದು ಯಂತ್ರಾಂಶಕ್ಕೆ ಹೇಳಿದರೆ ಸಾಕು. ಪುಟ ತಿರುವಿದಂತೆ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ.

ಆದರೆ ಎರಡು ಬಫರುಗಳಿದ್ದ ಮಾತ್ರಕ್ಕೆ ಸೀಳು ನಿಲ್ಲುವುದಿಲ್ಲ. ಪುಟ ತಿರುವುವ ಹೊತ್ತೂ ಸರಿಯಾಗಿರಬೇಕು. ಓದು ಅರ್ಧದಲ್ಲಿರುವಾಗ ತಿರುವಿದರೆ ಸೀಳು ಮತ್ತೆ ಹಾಜರು. ಆದ್ದರಿಂದ ಪರದೆಯು ಒಂದು ಸುತ್ತು ಮುಗಿಸಿ ಬಿಡುವಿಗೆ ಬರುವವರೆಗೆ ಕಾದು, ಆಗಷ್ಟೇ ಪುಟ ತಿರುವಬೇಕು. ಆಟಗಳ ಮತ್ತು ಗ್ರಾಫಿಕ್ಸ್ ಕಾರ್ಡುಗಳ ಸೆಟ್ಟಿಂಗ್‌ಗಳಲ್ಲಿ ‘ವಿ-ಸಿಂಕ್’ ಎಂಬ ಹೆಸರಿನಲ್ಲಿ ಕಾಣುವ ಆಯ್ಕೆ ಇದೇ.

ಕಾಯುವಿಕೆಯ ಬೆಲೆ

ಬಿಡುವಿಗಾಗಿ ಕಾಯುವುದು ಉಚಿತವಲ್ಲ. ಒಂದು ಚಿತ್ರ ಬರೆಯಲು 16 ಮಿಲಿಸೆಕೆಂಡು ಸಾಕಾದರೆ ಎಲ್ಲವೂ ಸುಗಮ. ಅದಕ್ಕೆ 17 ಮಿಲಿಸೆಕೆಂಡು ಹಿಡಿಯಿತೆನ್ನಿ. ಬಸ್ಸು ಹೊರಟ ಮರುಕ್ಷಣ ನಿಲ್ದಾಣಕ್ಕೆ ಬಂದ ಪ್ರಯಾಣಿಕನ ಪಾಡು ಅದರದ್ದು. ಮುಂದಿನ ಬಿಡುವಿನವರೆಗೆ, ಅಂದರೆ 33.3ನೇ ಮಿಲಿಸೆಕೆಂಡಿನವರೆಗೆ ಕಾಯಬೇಕು. ಎರಡೇ ಬಫರುಗಳಿದ್ದಲ್ಲಿ ಅಷ್ಟು ಹೊತ್ತು ತಂತ್ರಾಂಶಕ್ಕೆ ಮುಂದಿನ ಚಿತ್ರ ಬರೆಯಲು ಜಾಗವೂ ಇಲ್ಲ. ಅರ್ಧ ಮಿಲಿಸೆಕೆಂಡಿಗಿಂತಲೂ ಕಡಿಮೆ ತಡವಾದುದಕ್ಕೆ ಸೆಕೆಂಡಿಗೆ 60 ಚಿತ್ರಗಳಿದ್ದುದು 30ಕ್ಕೆ ಕುಸಿಯುತ್ತದೆ.

ಮೂರನೆಯ ಬಫರೊಂದನ್ನು ಸೇರಿಸಿದರೆ ತಂತ್ರಾಂಶವು ಸುಮ್ಮನೆ ಕೂರಬೇಕಾಗಿಲ್ಲ. ಒಂದು ಚಿತ್ರ ಪರದೆಯ ಮೇಲಿರುವಾಗ, ಇನ್ನೊಂದು ಸರದಿಯಲ್ಲಿ ನಿಂತಿರುವಾಗ, ಮೂರನೆಯದನ್ನು ಬರೆಯುತ್ತಿರಬಹುದು. ಆದರೆ ಸರದಿ ಬೆಳೆದಂತೆ ಬಳಕೆದಾರನ ಕೈಗೂ ಕಣ್ಣಿಗೂ ನಡುವಿನ ಅಂತರ ಬೆಳೆಯುತ್ತದೆ. 60 ಹರ್ಟ್ಸ್ ಪರದೆಯಲ್ಲಿ ಸರದಿಯಲ್ಲಿ ನಿಂತ ಪ್ರತಿಯೊಂದು ಚಿತ್ರವೂ 16.7 ಮಿಲಿಸೆಕೆಂಡಿನ ವಿಳಂಬವನ್ನು ಸೇರಿಸುತ್ತದೆ. ಸಿನಿಮಾ ನೋಡುವವರಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಧ್ವನಿಯನ್ನೂ ಅಷ್ಟೇ ತಡಮಾಡಿದರಾಯಿತು. ಮೌಸ್ ಹಿಡಿದು ಗೆರೆ ಎಳೆಯುವ ಚಿತ್ರಕಾರನಿಗೆ, ಎದುರಾಳಿಗೆ ಗುರಿಯಿಡುವ ಆಟಗಾರನಿಗೆ ತಿಳಿಯುತ್ತದೆ.

ಒಂದೇ ಪರದೆ, ಹಲವು ಕುಂಚಗಳು

ಇಡೀ ಪರದೆಯನ್ನು ಒಂದೇ ಆಟ ಆವರಿಸಿಕೊಂಡಾಗ ಪುಟ ತಿರುವುವ ಹಕ್ಕೂ ಅದೊಂದರದೇ. ಡೆಸ್ಕ್‌ಟಾಪಿನ ಸ್ಥಿತಿ ಬೇರೆ. ಅಲ್ಲಿ ಒಂದು ಕಿಟಕಿಯಲ್ಲಿ ಪತ್ರ, ಇನ್ನೊಂದರಲ್ಲಿ ಲೆಕ್ಕದ ಹಾಳೆ, ಮತ್ತೊಂದರಲ್ಲಿ ವೀಡಿಯೊ. ಪರದೆ ಮಾತ್ರ ಒಂದೇ.

ವಿಂಡೋಸ್ ಎಕ್ಸ್‌ಪಿಯ ಕಾಲದವರೆಗೆ ಬಹುತೇಕ ತಂತ್ರಾಂಶಗಳು ಈ ಒಂದೇ ಬಫರಿನ ತಮ್ಮ ಪಾಲಿನ ಜಾಗದಲ್ಲಿ ನೇರವಾಗಿ ಚಿತ್ರ ಬರೆಯುತ್ತಿದ್ದವು. ಮೇಲಿನ ಕಿಟಕಿ ಸರಿದಾಗ ಕೆಳಗಿನ ಕಿಟಕಿಗೆ ‘ನಿನ್ನ ಭಾಗವನ್ನು ಮತ್ತೆ ಬರೆದುಕೋ’ ಎಂಬ ಸೂಚನೆ ಹೋಗುತ್ತಿತ್ತು. ಆ ತಂತ್ರಾಂಶ ಬೇರೆ ಕೆಲಸದಲ್ಲಿ ಮುಳುಗಿದ್ದರೆ, ಎಳೆದ ಕಿಟಕಿಯ ನೆರಳುಗಳು ಬಾಲದಂತೆ ಪರದೆಯ ಮೇಲೆಲ್ಲ ಉಳಿಯುತ್ತಿದ್ದುದನ್ನು ಆ ಕಾಲದ ಬಳಕೆದಾರರು ಮರೆತಿರಲಾರರು. ವೀಡಿಯೊ ಪ್ಲೇಯರುಗಳು ಈ ಗೊಂದಲದಿಂದ ಪಾರಾಗಲು ‘ಓವರ್‌ಲೇ’ ಎಂಬ ಪ್ರತ್ಯೇಕ ಪದರವನ್ನು ಬಳಸುತ್ತಿದ್ದವು. ವೀಡಿಯೊ ಓಡುತ್ತಿರುವಾಗ ಪರದೆಯ ಚಿತ್ರ ತೆಗೆದರೆ ಆ ಜಾಗದಲ್ಲಿ ಬರೀ ಕಪ್ಪು ಚೌಕ ಬರುತ್ತಿದ್ದುದು ಇದೇ ಕಾರಣಕ್ಕೆ. ವೀಡಿಯೊ ಆ ಬಫರಿನಲ್ಲಿ ಇರುತ್ತಲೇ ಇರಲಿಲ್ಲ.

ಪರಿಹಾರವಾಗಿ ಬಂದುದು ಕಂಪೋಸಿಟರ್ ಎಂಬ ಮಧ್ಯಸ್ಥ. ಪ್ರತಿ ತಂತ್ರಾಂಶವೂ ತನಗೆಂದೇ ಮೀಸಲಾದ ಬಫರಿನಲ್ಲಿ ಚಿತ್ರ ಬರೆದು ಒಪ್ಪಿಸಬೇಕು. ಅವುಗಳನ್ನೆಲ್ಲ ಮೇಲುಕೆಳಗಿನ ಕ್ರಮದಲ್ಲಿ ಜೋಡಿಸಿ ಪೂರ್ಣ ಪರದೆಯ ಚಿತ್ರ ಸಿದ್ಧಪಡಿಸಿ, ಸರಿಯಾದ ಬಿಡುವಿನಲ್ಲಿ ಪುಟ ತಿರುವುವುದು ಕಂಪೋಸಿಟರಿನ ಹೊಣೆ. ಪತ್ರಿಕಾ ಕಚೇರಿಯಲ್ಲಿ ವರದಿಗಾರರು ತಂತಮ್ಮ ಸುದ್ದಿ ಒಪ್ಪಿಸಿದ ಮೇಲೆ ಪುಟ ಕಟ್ಟಿ ಮುದ್ರಣಕ್ಕೆ ಕಳಿಸುವವರು ಒಬ್ಬರೇ ಇರುವಂತೆ.

2001ರ ಮಾರ್ಚಿನಲ್ಲಿ ಬಿಡುಗಡೆಯಾದ ಆಪಲ್‌ನ ಮ್ಯಾಕ್ ಓಎಸ್ ಎಕ್ಸ್ ಈ ವಿಧಾನವನ್ನು ಸಾಮಾನ್ಯ ಬಳಕೆದಾರರ ಮೇಜಿಗೆ ತಂದಿತು. 2002ರ ಆವೃತ್ತಿಯಲ್ಲಿ ಜೋಡಣೆಯ ಕೆಲಸ ಗ್ರಾಫಿಕ್ಸ್ ಚಿಪ್ಪಿಗೆ ವರ್ಗವಾಯಿತು. ಮೈಕ್ರೋಸಾಫ್ಟ್ 2007ರ ಜನವರಿಯಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿದ ವಿಂಡೋಸ್ ವಿಸ್ಟಾದಲ್ಲಿ ‘ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್’ ಎಂಬ ಕಂಪೋಸಿಟರನ್ನು ಸೇರಿಸಿತು. ವಿಸ್ಟಾದ ಗಾಜಿನಂತೆ ಹೊಳೆಯುವ ಅಂಚುಗಳನ್ನು ಕಂಡು ಅದು ಬರೀ ಅಲಂಕಾರವೆಂದು ಭಾವಿಸಿದವರು ಬಹಳ. ಅದರ ಮುಖ್ಯ ಉಪಯೋಗ ಕಣ್ಣಿಗೆ ಕಾಣದಂತಹುದು. ಕಿಟಕಿಗಳನ್ನು ಎಳೆದಾಡಿದರೂ ಬಾಲ ಉಳಿಯುತ್ತಿರಲಿಲ್ಲ, ಕಿಟಕಿಯೊಳಗಿನ ವೀಡಿಯೊ ಸೀಳುವುದು ಬಹುಮಟ್ಟಿಗೆ ತಪ್ಪಿತು. 2012ರ ವಿಂಡೋಸ್ 8ರಿಂದೀಚೆಗೆ ಈ ವ್ಯವಸ್ಥೆಯನ್ನು ಬಳಕೆದಾರರು ನಿಲ್ಲಿಸುವ ಅವಕಾಶವನ್ನೂ ತೆಗೆದುಹಾಕಲಾಯಿತು.

ಲಿನಕ್ಸ್‌ನ ಸುತ್ತುಹಾದಿ

ಲಿನಕ್ಸ್ ಬಳಕೆದಾರರಿಗೆ ಇದೇ ಸೌಕರ್ಯ ದೊರೆಯಲು ಇನ್ನೂ ಹೆಚ್ಚು ಕಾಲ ಬೇಕಾಯಿತು. ಅಲ್ಲಿನ ಡೆಸ್ಕ್‌ಟಾಪಿಗೆ ತಳಹದಿಯಾಗಿದ್ದುದು ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿದ ‘ಎಕ್ಸ್’ ಕಿಟಕಿ ವ್ಯವಸ್ಥೆ. ಅದರ ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂದಿತು. ತಂತ್ರಾಂಶ ಎಲ್ಲೋ ದೂರದ ದೊಡ್ಡ ಯಂತ್ರದಲ್ಲಿ ಓಡುತ್ತಿದ್ದು, ಅದರ ಕಿಟಕಿ ಮಾತ್ರ ಜಾಲದ ಮೂಲಕ ಮೇಜಿನ ಮೇಲಿನ ಟರ್ಮಿನಲ್ಲಿನಲ್ಲಿ ಮೂಡಬೇಕೆಂಬುದು ಆ ಕಾಲದ ಅಗತ್ಯ. ಅದಕ್ಕೆ ಎಕ್ಸ್ ಅತ್ಯುತ್ತಮ ಉತ್ತರವಾಗಿತ್ತು. ಮೇಜಿನ ಮೇಲೆಯೇ ವೀಡಿಯೊ ಓಡುವ ದಿನವನ್ನು ಲೆಕ್ಕಕ್ಕೆ ತೆಗೆದುಕೊಂಡು ಅದನ್ನು ರೂಪಿಸಿರಲಿಲ್ಲ.

2004ರಲ್ಲಿ ಕೀತ್ ಪ್ಯಾಕಾರ್ಡ್ ಮೊದಲಾದವರ ಶ್ರಮದಿಂದ ಎಕ್ಸ್‌ಗೂ ‘ಕಾಂಪೋಸಿಟ್’ ಎಂಬ ವಿಸ್ತರಣೆ ದೊರೆಯಿತು. 2006ರಲ್ಲಿ ಬಂದ ‘ಕಂಪೀಜ್’ ತಂತ್ರಾಂಶವು ಅಲುಗಾಡುವ ಕಿಟಕಿಗಳಿಂದ, ಘನಾಕೃತಿಯಂತೆ ತಿರುಗುವ ಡೆಸ್ಕ್‌ಟಾಪಿನಿಂದ ನೋಡುಗರನ್ನು ಬೆರಗುಗೊಳಿಸಿತು. ಆದರೂ ಸೀಳು ಪೂರ್ಣವಾಗಿ ಹೋಗಲಿಲ್ಲ. ತಂತ್ರಾಂಶ, ಎಕ್ಸ್ ಸರ್ವರ್, ಕಂಪೋಸಿಟರ್ ಈ ಮೂರೂ ಬೇರೆ ಬೇರೆ ಪ್ರಕ್ರಿಯೆಗಳಾಗಿದ್ದವು. ಕಂಪೋಸಿಟರ್ ಚಿತ್ರ ಜೋಡಿಸುತ್ತಿರುವಾಗಲೇ ತಂತ್ರಾಂಶ ತನ್ನ ಕಿಟಕಿಯಲ್ಲಿ ಬರೆಯುವುದನ್ನು ಮುಂದುವರಿಸಿರಬಹುದಿತ್ತು. ಬೇರೆ ಬೇರೆ ರಿಫ್ರೆಶ್ ದರದ ಎರಡು ಮಾನಿಟರುಗಳನ್ನು ಜೋಡಿಸಿದಾಗ ಎಕ್ಸ್ ಅವೆರಡನ್ನೂ ಒಂದೇ ದೊಡ್ಡ ಹಾಳೆಯೆಂದು ಭಾವಿಸುತ್ತಿದ್ದುದರಿಂದ, ಒಂದರ ಬಿಡುವಿಗೆ ಹೊಂದಿಸಿದರೆ ಇನ್ನೊಂದರಲ್ಲಿ ಸೀಳು ಕಾಣುತ್ತಿತ್ತು. ಗ್ರಾಫಿಕ್ಸ್ ಡ್ರೈವರುಗಳಲ್ಲಿ ‘ಟೇರ್ ಫ್ರೀ’ ಎಂಬಂತಹ ಆಯ್ಕೆಗಳನ್ನು ಕೈಯಾರೆ ಹುಡುಕಿ ಹಾಕಿಕೊಳ್ಳುವುದು ಬಳಕೆದಾರರ ಪಾಲಿಗೆ ಬಂದ ಕೆಲಸವಾಯಿತು.

ರೆಡ್ ಹ್ಯಾಟ್ ಸಂಸ್ಥೆಯಲ್ಲಿದ್ದ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ‘ವೇಲ್ಯಾಂಡ್’ ಎಂಬ ಹೊಸ ವ್ಯವಸ್ಥೆಯನ್ನು ಆರಂಭಿಸಿದರು. ಪ್ರತಿಯೊಂದು ಫ್ರೇಮ್ ಕೂಡ ದೋಷರಹಿತವಾಗಿರಬೇಕು, ಸೀಳು ಮಿಣುಕುಗಳು ಎಂದೂ ಕಾಣಬಾರದು ಎಂಬುದು ಅದರ ಘೋಷಿತ ಗುರಿ. ವೇಲ್ಯಾಂಡ್‌ನಲ್ಲಿ ಸರ್ವರ್ ಬೇರೆ, ಕಂಪೋಸಿಟರ್ ಬೇರೆ ಎಂಬ ಭೇದವಿಲ್ಲ. ತಂತ್ರಾಂಶವು ತನ್ನ ಚಿತ್ರವನ್ನು ಪೂರ್ಣವಾಗಿ ಬರೆದು, ‘ಇದು ಸಿದ್ಧ’ ಎಂದು ಒಪ್ಪಿಸುವವರೆಗೆ ಅದರ ಒಂದು ಬಿಂದುವೂ ಪರದೆಗೆ ಹೋಗುವುದಿಲ್ಲ. ಮುಂದಿನ ಚಿತ್ರವನ್ನು ಬರೆಯಲು ಯಾವಾಗ ತೊಡಗಬೇಕೆಂಬ ಸೂಚನೆಯನ್ನೂ ಕಂಪೋಸಿಟರ್ ಕೊಡುತ್ತದೆ. ಒಪ್ಪಿಸಿದ ಚಿತ್ರ ನಿಜವಾಗಿ ಯಾವ ಕ್ಷಣದಲ್ಲಿ ಪರದೆ ಸೇರಿತು ಎಂಬುದನ್ನು ವೀಡಿಯೊ ಪ್ಲೇಯರುಗಳು ಕೇಳಿ ತಿಳಿಯಬಹುದು.

ವೇಲ್ಯಾಂಡ್‌ನ 1.0 ಆವೃತ್ತಿ 2012ರಲ್ಲಿ ಬಂದರೂ ಬಳಕೆಗೆ ಇಳಿದುದು ನಿಧಾನವಾಗಿ. 2016ರ ನವೆಂಬರಿನ ಫೆಡೋರಾ 25 ಅದನ್ನು ಪೂರ್ವನಿಯೋಜಿತ ಆಯ್ಕೆಯಾಗಿಸಿತು. ಉಬುಂಟು 2017ರಲ್ಲಿ ಅದನ್ನು ಅಳವಡಿಸಿಕೊಂಡು, 2018ರಲ್ಲಿ ಎಕ್ಸ್‌ಗೆ ಹಿಂತಿರುಗಿ, 2021ರಲ್ಲಿ ಮತ್ತೆ ವೇಲ್ಯಾಂಡ್‌ಗೆ ಬಂದಿತು. 2025ರ ಅಕ್ಟೋಬರಿನ ಉಬುಂಟು 25.10ರ ಮುಖ್ಯ ಡೆಸ್ಕ್‌ಟಾಪಿನಲ್ಲಿ ಎಕ್ಸ್ ಅಧಿವೇಶನದ ಆಯ್ಕೆಯೇ ಉಳಿಯಲಿಲ್ಲ. ಎಕ್ಸ್‌ಗೆಂದು ಬರೆದ ಹಳೆಯ ತಂತ್ರಾಂಶಗಳು ಮಾತ್ರ ಒಂದು ಸೇತುವೆಯ ಮೂಲಕ ಅದರಲ್ಲಿಯೂ ಓಡುತ್ತವೆ.

ಸೀಳಿಲ್ಲ, ಆದರೂ ಕುಲುಕು

ಸೀಳು ಹೋದರೆ ಚಲನೆ ತಾನಾಗಿಯೇ ನಯವಾಗುತ್ತದೆಯೇ? ಇಲ್ಲ. ವೀಡಿಯೊ ನೋಡುವವರನ್ನು ಕಾಡುವ ಇನ್ನೊಂದು ದೋಷ ಕುಲುಕು. ಅದರ ಮೂಲ ಸರಳ ಅಂಕಗಣಿತದಲ್ಲಿದೆ.

ಸಿನಿಮಾವನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್‌ಗಳಂತೆ ಚಿತ್ರೀಕರಿಸುತ್ತಾರೆ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸುತ್ತು ಎಂಬುದು ಇಲ್ಲವಾದ್ದರಿಂದ ಒಂದು ಫ್ರೇಮನ್ನು ಎರಡು ಸುತ್ತು, ಮುಂದಿನದನ್ನು ಮೂರು ಸುತ್ತು ತೋರಿಸಬೇಕಾಗುತ್ತದೆ. ಒಂದು 33.3 ಮಿಲಿಸೆಕೆಂಡು ನಿಂತರೆ ಇನ್ನೊಂದು 50 ಮಿಲಿಸೆಕೆಂಡು ನಿಲ್ಲುತ್ತದೆ. ಕ್ಯಾಮೆರಾ ನಿಧಾನವಾಗಿ ಹೊರಳುವ ದೃಶ್ಯಗಳಲ್ಲಿ ಈ ಕುಂಟುನಡಿಗೆ ಕಣ್ಣಿಗೆ ಬೀಳುತ್ತದೆ.

ಭಾರತದ ವೀಕ್ಷಕರಿಗೆ ಇನ್ನೊಂದು ತೊಡಕು ಹೆಚ್ಚಿಗೆ ಇದೆ. ವಿದ್ಯುತ್ ಜಾಲದ 50 ಹರ್ಟ್ಸ್ ಆವರ್ತನಕ್ಕೆ ಅನುಗುಣವಾಗಿ ಇಲ್ಲಿನ ದೂರದರ್ಶನ ಪ್ರಸಾರವೂ 25 ಮತ್ತು 50ರ ಲೆಕ್ಕವನ್ನೇ ಅನುಸರಿಸಿತು. ಕಂಪ್ಯೂಟರ್ ಮಾನಿಟರುಗಳು ಮಾತ್ರ 60ರ ಲೆಕ್ಕದವು. ಸೆಕೆಂಡಿಗೆ 50 ಫ್ರೇಮ್‌ಗಳ ಕ್ರಿಕೆಟ್ ದೃಶ್ಯವನ್ನು 60 ಹರ್ಟ್ಸ್ ಪರದೆಯಲ್ಲಿ ತೋರಿಸಲು ಸೆಕೆಂಡಿಗೆ 10 ಬಾರಿ ಯಾವುದಾದರೊಂದು ಫ್ರೇಮನ್ನು ಎರಡೆರಡು ಸಲ ತೋರಿಸಬೇಕು. ಬೌಂಡರಿಯತ್ತ ಉರುಳುವ ಚೆಂಡನ್ನು ಹಿಂಬಾಲಿಸುವ ಕ್ಯಾಮೆರಾ ದೃಶ್ಯ ಟಿ.ವಿ.ಯಲ್ಲಿ ನಯವಾಗಿದ್ದು ಕಂಪ್ಯೂಟರಿನಲ್ಲಿ ಕುಲುಕುವುದಕ್ಕೆ ಇದೊಂದು ಮುಖ್ಯ ಕಾರಣ.

50 ಹರ್ಟ್ಸ್ ದೂರದರ್ಶನದ ದೇಶಗಳು 24 ಫ್ರೇಮ್‌ಗಳ ಸಿನಿಮಾವನ್ನು ಪ್ರಸಾರ ಮಾಡಲು ಬಳಸಿದ ಉಪಾಯ ಸ್ವಾರಸ್ಯಕರ. ಚಿತ್ರವನ್ನು ಶೇ. 4ರಷ್ಟು ವೇಗವಾಗಿ, ಸೆಕೆಂಡಿಗೆ 25 ಫ್ರೇಮ್‌ಗಳಂತೆ ಓಡಿಸುವುದು. ಹಾಗೆ ಓಡಿಸಿದರೆ ಎರಡೂವರೆ ಗಂಟೆಯ ಚಿತ್ರ 144 ನಿಮಿಷಗಳಲ್ಲಿ ಮುಗಿಯುತ್ತದೆ. ಕುಲುಕು ಮಾಯವಾಗುತ್ತದೆ, ಧ್ವನಿಯನ್ನು ಸರಿಪಡಿಸದಿದ್ದರೆ ಹಾಡಿನ ಶ್ರುತಿ ಕೊಂಚ ಏರುತ್ತದೆ.

ವೀಡಿಯೊ ಪ್ಲೇಯರಿನ ಮುಂದೆ ಇರುವ ಮತ್ತೊಂದು ಸಮಸ್ಯೆ ಗಡಿಯಾರಗಳದು. ಧ್ವನಿಯ ಚಿಪ್ಪಿಗೆ ಒಂದು ಗಡಿಯಾರ, ಪರದೆಗೆ ಇನ್ನೊಂದು. ಇವೆರಡೂ ಎಂದೂ ಸಂಪೂರ್ಣ ಹೊಂದುವುದಿಲ್ಲ. ಕಿವಿಯು ಧ್ವನಿಯ ತಡೆಯನ್ನು ಕಣ್ಣಿಗಿಂತ ಬೇಗ ಗುರುತಿಸುವುದರಿಂದ ಬಹುತೇಕ ಪ್ಲೇಯರುಗಳು ಧ್ವನಿಯನ್ನೇ ಯಜಮಾನನೆಂದು ಒಪ್ಪಿ, ಚಿತ್ರ ಹಿಂದೆ ಬಿದ್ದಾಗ ಫ್ರೇಮ್ ಬಿಡುತ್ತವೆ, ಮುಂದೆ ಹೋದಾಗ ಫ್ರೇಮ್ ಮರುಬಳಸುತ್ತವೆ. ಎಂಪಿವಿ ಎಂಬ ಮುಕ್ತ ತಂತ್ರಾಂಶದ ಪ್ಲೇಯರಿನಲ್ಲಿ ಇದನ್ನು ತಿರುವುಮುರುವಾಗಿಸುವ ಆಯ್ಕೆಯಿದೆ. ಅದು ಪರದೆಯನ್ನು ಯಜಮಾನನಾಗಿಸಿ, ಧ್ವನಿಯ ವೇಗವನ್ನು ಕಿವಿಗೆ ತಿಳಿಯದಷ್ಟು ಸೂಕ್ಷ್ಮವಾಗಿ ಹಿಗ್ಗಿಸಿ ಕುಗ್ಗಿಸಿ ಹೊಂದಿಸುತ್ತದೆ.

ಪರದೆಯೇ ಕಾಯಲಿ

ಇಲ್ಲಿಯವರೆಗಿನ ಎಲ್ಲ ಉಪಾಯಗಳಲ್ಲೂ ಕಾಯುತ್ತಿದ್ದುದು ತಂತ್ರಾಂಶ. 2013ರ ಅಕ್ಟೋಬರಿನಲ್ಲಿ ಎನ್‌ವಿಡಿಯಾ ಸಂಸ್ಥೆ ‘ಜಿ-ಸಿಂಕ್’ ಎಂಬ ತಂತ್ರವನ್ನು ಪ್ರಕಟಿಸಿ ಕ್ರಮವನ್ನೇ ತಲೆಕೆಳಗಾಗಿಸಿತು. ಚಿತ್ರ ಸಿದ್ಧವಾಗುವವರೆಗೆ ಮಾನಿಟರ್ ತನ್ನ ಬಿಡುವಿನ ಅವಧಿಯನ್ನು ಹಿಗ್ಗಿಸಿಕೊಂಡು ಕಾಯುತ್ತದೆ. 17 ಮಿಲಿಸೆಕೆಂಡಿನಲ್ಲಿ ಸಿದ್ಧವಾದ ಚಿತ್ರ 17ನೇ ಮಿಲಿಸೆಕೆಂಡಿಗೇ ಪರದೆ ಸೇರುತ್ತದೆ, 33ರವರೆಗೆ ಕಾಯಬೇಕಿಲ್ಲ. ಇದಕ್ಕಾಗಿ ಮಾನಿಟರಿನೊಳಗೆ ಎನ್‌ವಿಡಿಯಾದ ವಿಶೇಷ ಮಾಡ್ಯೂಲ್ ಬೇಕಾಗಿದ್ದರಿಂದ ಬೆಲೆ ಹೆಚ್ಚಾಗಿತ್ತು.

ಪ್ರತಿಸ್ಪರ್ಧಿ ಎಎಂಡಿ 2014ರ ಜನವರಿಯಲ್ಲಿ ‘ಫ್ರೀಸಿಂಕ್’ ಅನ್ನು ಪ್ರದರ್ಶಿಸಿತು. ಅದೇ ವರ್ಷ ವೀಸಾ ಎಂಬ ಮಾನಕ ಸಂಸ್ಥೆ ‘ಅಡಾಪ್ಟಿವ್ ಸಿಂಕ್’ ಹೆಸರಿನಲ್ಲಿ ಇದನ್ನು ಡಿಸ್‌ಪ್ಲೇ ಪೋರ್ಟ್ ಸಂಪರ್ಕದ ಮಾನಕಕ್ಕೆ ಸೇರಿಸಿತು. 2019ರ ಜನವರಿಯಲ್ಲಿ ಎನ್‌ವಿಡಿಯಾ ಕೂಡ ತನ್ನ ಕಾರ್ಡುಗಳಲ್ಲಿ ಈ ಮುಕ್ತ ಮಾನಕದ ಮಾನಿಟರುಗಳಿಗೆ ಬೆಂಬಲ ನೀಡಿತು. ಪೈಪೋಟಿಯ ಲಾಭ ಕೊಳ್ಳುವವರಿಗೆ ದೊರೆಯಿತು.

ಈ ಪರದೆಗಳಿಗೂ ಮಿತಿಗಳಿವೆ. ಪ್ರತಿ ಮಾನಿಟರಿಗೂ, ಉದಾಹರಣೆಗೆ 48ರಿಂದ 144 ಹರ್ಟ್ಸ್ ಎಂಬಂತೆ, ಒಂದು ವ್ಯಾಪ್ತಿಯಿರುತ್ತದೆ. 24 ಫ್ರೇಮ್‌ಗಳ ಸಿನಿಮಾ ಆ ವ್ಯಾಪ್ತಿಯ ಕೆಳಗಿರುವುದರಿಂದ ಪ್ರತಿ ಫ್ರೇಮನ್ನು ಎರಡು ಬಾರಿ ತೋರಿಸಿ 48ಕ್ಕೆ ಏರಿಸಿಕೊಳ್ಳಬೇಕು.

ಸೀಳಿಗೂ ಒಂದು ಪರವಾನಗಿ

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸೀಳಿಲ್ಲದ ಪರದೆ ಎಲ್ಲರಿಗೂ ಬೇಕಾಗಿರಲಿಲ್ಲ. ವೇಗದ ಆಟಗಳನ್ನು ಸ್ಪರ್ಧೆಗಾಗಿ ಆಡುವವರು ಮೊದಲಿನಿಂದಲೂ ವಿ-ಸಿಂಕ್ ಅನ್ನು ನಿಲ್ಲಿಸಿಯೇ ಆಡುತ್ತಿದ್ದರು. ಪರದೆಯ ಕೆಳಗಿನರ್ಧದಲ್ಲಾದರೂ ಹೊಸ ಚಿತ್ರ ಕೆಲವು ಮಿಲಿಸೆಕೆಂಡು ಮೊದಲೇ ಬಂದರೆ ಅದು ಅವರಿಗೆ ಲಾಭ. ಸೀಳು ಅವರ ದೃಷ್ಟಿಯಲ್ಲಿ ತೆರಲು ಯೋಗ್ಯವಾದ ಬೆಲೆ.

ಕಂಪೋಸಿಟರ್ ಕಡ್ಡಾಯವಾದ ಮೇಲೆ ಅದರ ಮೂಲಕವೇ ಪರದೆಗೆ ಸಾಗುವ ಆಟಗಳಲ್ಲಿ ಈ ಆಯ್ಕೆ ಅವರ ಕೈತಪ್ಪಿತ್ತು. 2016ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 10ರ ಹೊಸ ಮಾದರಿಯ ಆ್ಯಪ್‌ಗಳಿಗೆ ಸೀಳನ್ನು ಅನುಮತಿಸುವ ಸೌಲಭ್ಯ ಕೊಟ್ಟಿತು. ಪ್ರತಿ ಫ್ರೇಮ್ ದೋಷರಹಿತವಾಗಿರಬೇಕೆಂದು ಹೊರಟಿದ್ದ ವೇಲ್ಯಾಂಡ್ ಸಮುದಾಯವೂ ದೀರ್ಘ ಚರ್ಚೆಯ ಬಳಿಕ 2022ರ ನವೆಂಬರಿನಲ್ಲಿ, ಬೇಕೆಂದು ಕೇಳುವ ತಂತ್ರಾಂಶಕ್ಕೆ ಸೀಳಲು ಬಿಡುವ ನಿಯಮಾವಳಿಯನ್ನು ಸೇರಿಸಿತು. ಹಿಂದೆ ಆಕಸ್ಮಿಕವಾಗಿದ್ದ ಸೀಳು ಈಗ ಕೇಳಿ ಪಡೆಯುವ ಅನುಮತಿ.

ಹಣ ತೆರುವ ಮುನ್ನ

ಸಾಮಾನ್ಯ ಬಳಕೆದಾರರು ಹೊಸ ಯಂತ್ರಕ್ಕೆ ಹಣ ಹಾಕುವ ಮುನ್ನ ದೋಷ ಯಾವುದೆಂದು ಗುರುತಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಕೆಲವು ಲಕ್ಷಣಗಳು ನೆರವಾಗುತ್ತವೆ.

ವೇಗದ ಅಡ್ಡ ಚಲನೆಯಲ್ಲಿ ಸ್ಪಷ್ಟವಾದ ಅಡ್ಡಗೆರೆ ಕಂಡರೆ ಅದು ಸೀಳು. ಪ್ಲೇಯರ್ ಅಥವಾ ಆಟದಲ್ಲಿ ವಿ-ಸಿಂಕ್ ಆಯ್ಕೆಯನ್ನು, ಬ್ರೌಸರಿನಲ್ಲಿ ಹಾರ್ಡ್‌ವೇರ್ ವೇಗವರ್ಧನೆಯ ಆಯ್ಕೆಯನ್ನು, ಗ್ರಾಫಿಕ್ಸ್ ಡ್ರೈವರ್ ಸರಿಯಾಗಿ ಸ್ಥಾಪನೆಗೊಂಡಿದೆಯೇ ಎಂಬುದನ್ನು ನೋಡಬೇಕು. ಲಿನಕ್ಸ್ ಆದರೆ ಅಧಿವೇಶನ ಎಕ್ಸ್‌ನದೋ ವೇಲ್ಯಾಂಡ್‌ನದೋ ಎಂದು ಪರಿಶೀಲಿಸಬೇಕು. ಇವುಗಳಿಗೆ ಖರ್ಚಿಲ್ಲ.

ಗೆರೆಯಿಲ್ಲದೆ, ನಿಧಾನ ಚಲನೆಯಲ್ಲಿ ಲಯಬದ್ಧವಾಗಿ ತಡೆತಡೆದು ಸಾಗಿದರೆ ಅದು ಕುಲುಕು. ಮಾನಿಟರಿನ ರಿಫ್ರೆಶ್ ದರವನ್ನು ವೀಡಿಯೊ ದರದ ಪೂರ್ಣ ಗುಣಕಕ್ಕೆ ಬದಲಿಸಿದರೆ ಇದು ನಿಲ್ಲುತ್ತದೆ. 120 ಹರ್ಟ್ಸ್ ಪರದೆಯಲ್ಲಿ 24 ಫ್ರೇಮ್‌ಗಳ ಸಿನಿಮಾಕ್ಕೆ ಫ್ರೇಮಿಗೆ ಐದು ಸುತ್ತು, 60 ಫ್ರೇಮ್‌ಗಳ ವೀಡಿಯೊಗೆ ಎರಡು ಸುತ್ತು ಸರಿಯಾಗಿ ಹೊಂದುತ್ತವೆ. 25 ಅಥವಾ 50ರ ವೀಡಿಯೊಗೆ 50 ಇಲ್ಲವೆ 100 ಹರ್ಟ್ಸ್ ಸೂಕ್ತ.

ಚಲಿಸುವ ವಸ್ತುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಕಂಡರೆ ಅದು ಹಳೆಯ ಟಿ.ವಿ. ಪ್ರಸಾರ ಪದ್ಧತಿಯ ವೀಡಿಯೊ. ಬೆಸ ಸಾಲುಗಳನ್ನೂ ಸಮ ಸಾಲುಗಳನ್ನೂ ಬೇರೆ ಬೇರೆ ಕ್ಷಣಗಳಲ್ಲಿ ಸೆರೆಹಿಡಿದುದರ ಫಲವಿದು. ಪ್ಲೇಯರಿನಲ್ಲಿ ‘ಡಿ-ಇಂಟರ್‌ಲೇಸ್’ ಆಯ್ಕೆಯನ್ನು ಒತ್ತಿದರೆ ಸಾಕು. ಲಯವಿಲ್ಲದೆ ಆಗಾಗ ಚಿತ್ರ ನಿಂತು ಮುಂದುವರಿದರೆ ಮಾತ್ರ ಯಂತ್ರದ ಬಲದ ಬಗ್ಗೆ ಅನುಮಾನಿಸಬಹುದು. ಆಗಲೂ ವೀಡಿಯೊ ಬಿಡಿಸುವ ಕೆಲಸ ಗ್ರಾಫಿಕ್ಸ್ ಚಿಪ್ಪಿಗೆ ಹೋಗುತ್ತಿದೆಯೇ, ಯಂತ್ರ ಅತಿಯಾಗಿ ಬಿಸಿಯಾಗುತ್ತಿದೆಯೇ ಎಂದು ಮೊದಲು ನೋಡಬೇಕು.

ಕೊಂಡುತಂದ ಪರದೆಯನ್ನು ಪೂರ್ಣವಾಗಿ ಬಳಸುತ್ತಿದ್ದೇವೆಯೇ ಎಂಬುದೂ ಗಮನಿಸಬೇಕಾದ ವಿಷಯ. 144 ಹರ್ಟ್ಸ್ ಮಾನಿಟರ್ ತಂದು, ಸೆಟ್ಟಿಂಗ್ ಬದಲಿಸದೆ ವರ್ಷಗಟ್ಟಲೆ 60ರಲ್ಲಿಯೇ ಓಡಿಸುವುದು ಸಾಧ್ಯ. 4ಕೆ ಪರದೆಗೆ ಎಚ್‌ಡಿಎಂಐ 1.4ರ ಹಳೆಯ ಕಿಂಡಿಯಿಂದ ಸಂಪರ್ಕ ಕೊಟ್ಟರೆ ದೊರೆಯುವುದು ಸೆಕೆಂಡಿಗೆ 30 ಸುತ್ತು ಮಾತ್ರ. 60 ಬೇಕಾದರೆ ಎರಡೂ ತುದಿಯಲ್ಲಿ ಎಚ್‌ಡಿಎಂಐ 2.0 ಅಥವಾ ನಂತರದ್ದು ಇರಬೇಕು.

ಸಿನಿಮಾ ನೋಡುವವರಿಗೆ ಕೆಲವು ಮಿಲಿಸೆಕೆಂಡುಗಳ ಕಾಯುವಿಕೆ ಲೆಕ್ಕಕ್ಕಿಲ್ಲ. ಅವರು ವಿ-ಸಿಂಕ್ ಇಟ್ಟುಕೊಂಡು ನೆಮ್ಮದಿಯಿಂದ ನೋಡಬಹುದು. ಸ್ಪರ್ಧೆಗೆ ಆಡುವವರು ಸೀಳನ್ನು ಸಹಿಸಿ ವೇಗವನ್ನು ಪಡೆಯಬಹುದು. ಎರಡೂ ಬೇಕೆನ್ನುವವರು ಮಾತ್ರ ತಾನೇ ಕಾಯಬಲ್ಲ ಪರದೆಗೆ ಹಣ ತೆರಬೇಕಾಗುತ್ತದೆ.